ಯಾವ ಕಾರ್ಡು, ಶರ್ವಾಣಿ?

"ಈ ಕಾರ್ಡ್ ನಿಮಗೆ ಕೊಡಲ್ಲ ಮೇಡಂ!"

ಶರ್ವಾಣಿಗೆ ಮೈಯೆಲ್ಲ ಉರಿಯಿತು. ಹನುಮಂತನಗರದಿಂದ ಹೊರಟು, ಸಾರಕ್ಕಿ ಸಿಗ್ನಲ್ಲಿನಲ್ಲಿ ಬೆಂದು ಈ ಕಂಪ್ಯೂಟರ್ ಅಂಗಡಿಗೆ ಬಂದರೆ ಇಂಥ ಮಾತೇ?

"ಯಾಕೆ? ಹೆಂಗಸರಿಗೆ ಗ್ರಾಫಿಕ್ಸ್ ಕಾರ್ಡ್ ಮಾರಲ್ಲ ಅಂತ ಬೋರ್ಡ್ ಹಾಕಿದೀರಾ?"

ಅಂಗಡಿಯ ರೇವಂತ್ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅಯ್ಯೋ, ಹಾಗಲ್ಲ! ಕಾರ್ಡ್ ಸಖತ್ತಾಗಿದೆ. ಆದ್ರೆ ಬಿಸಿಯಾದ್ರೆ ಫ್ಯಾನ್ ಮಿಕ್ಸಿ ಥರ ಕೂಗತ್ತೆ. ಅಮ್ಮ ಮಲಗಿರೋ ರೂಮಲ್ಲೇ ಕಂಪ್ಯೂಟರ್ ಇಡ್ತೀನಿ ಅಂದ್ರಲ್ಲ ಈಗ?"

ಅವಳ ಸಿಟ್ಟು ಅರ್ಧಕ್ಕೇ ನಿಂತಿತು.

"ಹೌದು... ನಾಲ್ಕು ವರ್ಷದಿಂದ ಹಾಸಿಗೆ ಹಿಡಿದಿದಾರೆ. ನಾನು ಒಬ್ಬಳೇ ಮಗಳು."

"ಯಾವ ಗೇಮ್ ಆಡೋದು?"

"ಲಾರಿ ಓಡಿಸೋದು." ಅವಳಿಗೆ ನಾಚಿಕೆಯಾಯಿತು. "ಮನೆ ಬಿಟ್ಟು ಎಲ್ಲಿಗೂ ಹೋಗೋಕಾಗಲ್ಲ. ರಸ್ತೆನಾದ್ರೂ ನೋಡೋಣ ಅಂತ."

ರೇವಂತ್ ನಗಲಿಲ್ಲ. ಮೂವತ್ತೆರಡರ ಹೆಣ್ಣು ಲಾರಿ ಆಟ ಆಡ್ತೀನಿ ಅಂದಾಗ ನಗದೇ ಇದ್ದವನು ಇವನೊಬ್ಬನೇ!

"ಲಾರಿಗೆ ಇಷ್ಟು ದೊಡ್ಡ ಕಾರ್ಡ್ ದಂಡ. ಚಿಕ್ಕದೊಂದಿದೆ, ಕೆಲಸ ಕಡಿಮೆಯಿದ್ರೆ ಅದರ ಫ್ಯಾನ್ ನಿಂತೇಬಿಡತ್ತೆ. ಸ್ಟಾಕ್ ಇಲ್ಲ. ಹತ್ತು ದಿನ ಕಾಯ್ತೀರಾ?"

ಅವಳು ಅವನ ನಂಬರನ್ನು 'ರೇವಂತ್ ಕಾರ್ಡ್' ಎಂದು ಸೇವ್ ಮಾಡಿಕೊಂಡಳು. ಪ್ಲಂಬರು, ಹಾಲಿನವರು, ನರ್ಸು, ಎಲ್ಲರ ಹೆಸರಿನ ಮುಂದೂ ಅವರವರ ಕೆಲಸ ಬರೆದುಕೊಳ್ಳುವುದು ಅವಳ ಅಭ್ಯಾಸ.

ಹತ್ತು ದಿನ ನಲವತ್ತಾಯಿತು. ಮಧ್ಯಾಹ್ನ ಅಮ್ಮ ಮಲಗಿದಾಗ ಫೋನು. ಮೊದಲು ಸ್ಟಾಕಿನ ಮಾತು, ಆಮೇಲೆ ಊಟದ್ದು, ಆಮೇಲೆ ಏನೂ ಇಲ್ಲದ್ದು. 'ಮೇಡಂ' ಯಾವಾಗ 'ಶರ್ವಾಣಿ' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಒಂದು ದಿನ ಅಮ್ಮ ನೋವಿನಿಂದ ಬೆಳಗಿನಿಂದ ಕೂಗಿದ್ದರು. ಶರ್ವಾಣಿಗೆ ತಡೆಯಲಾಗಲಿಲ್ಲ.

"ರೇವಂತ್... ಅಮ್ಮ ಬೇಗ ಹೋಗ್ಬಿಟ್ರೆ ಸಾಕು ಅನ್ಸತ್ತೆ ಒಂದೊಂದ್ಸಲ. ನಾನೆಂಥ ಪಾಪಿ!"

ಯಾರಿಗೂ ಹೇಳದ ಮಾತು. ಅವನಿಗೊಬ್ಬನಿಗೇ ಹೇಳಿದ್ದಳು.

ಮುಂದಿನ ವಾರವೇ ಅಮ್ಮ ತೀರಿಕೊಂಡರು.

ಮನೆ ತುಂಬ ಜನ, ಹೊಗೆ, ಮಂತ್ರ. ದೊಡ್ಡಮ್ಮ ಗಿರಿಜಾದೇವಿ ಶರ್ವಾಣಿಯ ಫೋನು ತಾವೇ ಇಟ್ಟುಕೊಂಡು, ಕರೆ ಮಾಡಿದವರಿಗೆಲ್ಲ ಸಾವಿನ ಸುದ್ದಿ ಹೇಳುತ್ತಿದ್ದರು. ಒಂಬತ್ತನೆಯ ದಿನ ಸಂಜೆ ಅವಳು ಫೋನು ಇಸಿದುಕೊಂಡಳು. ಬಂದ ಕರೆಗಳಲ್ಲಿ ರೇವಂತನದೂ ಇತ್ತು. ಎರಡು ನಿಮಿಷ ಮಾತಾಡಿದ್ದಾನೆ. ಅಂದರೆ ಅವನಿಗೂ ವಿಷಯ ಗೊತ್ತು!

ಕೆಳಗೆ ಅವನದೊಂದು ಮೆಸೇಜು.

'ಹೊಸ ಜೀವನಕ್ಕೆ ಶುಭಾಶಯಗಳು, ಮೇಡಂ.'

ಶುಭಾಶಯಗಳೇ?

ಅಮ್ಮ ಹೋಗಲಿ ಎಂದು ಬಯಸಿದ್ದೆಯಲ್ಲ, ಹೋದರು, ಸುಖವಾಗಿರು... ಇದೇ ತಾನೇ ಇದರ ಅರ್ಥ? ತನ್ನ ಅತಿ ಕೆಟ್ಟ ಗಳಿಗೆಯನ್ನು ಅವನು ಹೀಗೆ ತಿರುಗಿಸಿ ಎಸೆದನೇ?

ಅವಳು ಅಳಲಿಲ್ಲ. ನಾಲ್ಕು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ, ಅಷ್ಟೆ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಅವಳು ನೇರ ಅಂಗಡಿಗೆ ಹೋದಳು. ಸಮಾರಾಧನೆಯ ಕಾರ್ಡನ್ನು ಅವನ ಮುಂದೆ ಎಸೆದಳು.

"ಈ ಕಾರ್ಡಿಗೆ ತಾನೇ ನೀವು ಶುಭಾಶಯ ಹೇಳಿದ್ದು? ಕಣ್ತುಂಬ ನೋಡ್ಕೊಳ್ಳಿ!"

ರೇವಂತ್ ಓದಿದ. ಅವಳ ಅಮ್ಮನ ಫೋಟೋ, ತೀರಿಕೊಂಡ ದಿನ. ತಟ್ಟನೆ ಎದ್ದು ನಿಂತ.

"ಅಮ್ಮ... ಯಾವಾಗ? ನಂಗೆ ಯಾರೂ ಹೇಳ್ಲಿಲ್ಲ ಶರ್ವಾಣಿ!"

"ಸುಳ್ಳು! ದೊಡ್ಡಮ್ಮನ ಜೊತೆ ಮಾತಾಡಿದೀರಿ."

"ಮಾತಾಡ್ದೆ! ಸ್ಟಾಕ್ ಬಂದಿತ್ತು, 'ಕಾರ್ಡ್ ವಿಷಯ ಮಾತಾಡ್ಬೇಕಿತ್ತು' ಅಂದೆ. ಅವ್ರು 'ಕಾರ್ಡು ಪ್ರಿಂಟ್ ಆಗಿ ಬಂತಲ್ಲಪ್ಪ, ಚೆನ್ನಾಗಿದೆ. ಪುರೋಹಿತರು ಬಂದಿದಾರೆ, ಅವಳು ಬರೋಕಾಗಲ್ಲ. ಭಾನುವಾರ ನೀನೂ ಊಟಕ್ಕೆ ಬಂದ್ಬಿಡು' ಅಂದ್ರು. ಕಾರ್ಡು, ಪುರೋಹಿತರು, ಊಟ... ನಾನೇನು ಅಂದ್ಕೊಳ್ಲಿ? ನಿಮ್ಮ ಮದ್ವೆ ಅಂದ್ಕೊಂಡೆ!"

ಶರ್ವಾಣಿ ಫೋನು ತೆಗೆದಳು. 'ರೇವಂತ್ ಕಾರ್ಡ್'. ದೊಡ್ಡಮ್ಮ ಅವನನ್ನು ಸಮಾರಾಧನೆಯ ಕಾರ್ಡು ಅಚ್ಚು ಹಾಕಿದ ಪ್ರೆಸ್ಸಿನವನೆಂದು ತಿಳಿದಿದ್ದರು...

ಹದಿನಾಲ್ಕು ದಿನ ಬಾರದ ಅಳು ಆಗ ಬಂತು. ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತಳು.

"ಆದ್ರೂ ನಾನು ಬಯಸಿದ್ದು ನಿಜ ತಾನೇ? ಅಮ್ಮ ಹೋಗ್ಲಿ ಅಂತ!"

"ಅಂದ್ರಿ. ಅಂದ ಮರುಕ್ಷಣ ಏನ್ಹೇಳಿ ಫೋನಿಟ್ರಿ, ನೆನಪಿದೆಯಾ? 'ಇರಿ, ಅಮ್ಮನ್ನ ಮಗ್ಗುಲು ತಿರುಗಿಸ್ಬೇಕು' ಅಂತ. ಬಾಯಿಗೆ ಸುಸ್ತಾಗಿತ್ತು ಶರ್ವಾಣಿ. ಕೈ ಒಂದು ದಿನಾನೂ ಕೆಲಸ ಬಿಡ್ಲಿಲ್ಲ."

ಹೊರಗೆ ಬಸ್ಸುಗಳು ಕೂಗಿ ಕೂಗಿ ಹೋದವು.

"ನಂಗೆ ಮದ್ವೆ ಅಂದ್ಕೊಂಡು... ಏನ್ಮಾಡಿದ್ರಿ?"

"ಎರಡು ದಿನ ಅಂಗಡಿ ತೆಗೀಲಿಲ್ಲ." ಅವನು ತಲೆ ತಗ್ಗಿಸಿದ. "ಮೊದಲೇ ಹೇಳ್ಬೇಕಿತ್ತು, ನೀವಂದ್ರೆ ನಂಗೆ ಪ್ರಾಣ ಅಂತ. ಈಗ ಹೇಳೋ ಹೊತ್ತಲ್ಲ. ಎಷ್ಟು ದಿನವಾದ್ರೂ ಕಾಯ್ತೀನಿ."

"ಕಾಯೋದು ಬೇಡ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ಊಟಕ್ಕೆ ಬನ್ನಿ. ಒಬ್ಬಳಿಗೆ ಅಕ್ಕಿ ಎಷ್ಟು ಹಾಕೋದು ಅಂತಾನೇ ಗೊತ್ತಾಗ್ತಿಲ್ಲ ನಂಗೆ..."

"ಬರ್ತೀನಿ."

"ಸಾರು ಸಪ್ಪೆ ಇರತ್ತೆ. ಅಮ್ಮನಿಗೆ ಖಾರ ಆಗ್ತಿರ್ಲಿಲ್ಲ, ಕೈ ಹಾಗೇ ಪಳಗಿದೆ."

"ಸಪ್ಪೆನೇ ಇರ್ಲಿ ಬಿಡಿ," ಎಂದ ರೇವಂತ್. "ಬದಲಾಯಿಸ್ಬೇಡಿ."