ಬಸವನಗುಡಿಯಲ್ಲಿ ಸೊನ್ನೆ

ರಕ್ಷಿತಾ ರಾಗಿ ಹೊಲದಲ್ಲಿ ಅಂಗಾತ ಬಿದ್ದಿದ್ದಳು. ಅರ್ಧ ಬಿಚ್ಚಿದ ಪ್ಯಾರಾಶೂಟು ಪಕ್ಕದ ಬೇಲಿಗೆ ಸಿಕ್ಕಿಕೊಂಡಿತ್ತು. ಜೀವ ಹೋಗಿತ್ತು. ಎಡಗೈಗೆ ಕಟ್ಟಿದ್ದ ಆಲ್ಟಿಮೀಟರ್, ಎತ್ತರ ತೋರಿಸುವ ಆ ದಪ್ಪ ಗಡಿಯಾರದಂಥ ಸಾಮಾನು, ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು.

ಜೀಪಿನಲ್ಲಿ ಮೊದಲು ಅಲ್ಲಿಗೆ ತಲುಪಿದವನು ಶಶಿಕಿರಣ್. ಸ್ಕೈಡೈವಿಂಗ್ ಕ್ಲಬ್ಬಿನ ಮಾಲೀಕ. ಹಾರಿಸುವುದು ಕಾವೇರಿಯ ಆಚೆಯ ಈ ಬಯಲಲ್ಲಿ. ಆಫೀಸು ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರಿನಲ್ಲಿ, ಹೂವಿನಂಗಡಿಯ ಮೇಲಿನ ಮಹಡಿ. ಪೊಲೀಸರು ಬಂದಾಗ ಅವನು ಕಣ್ಣೊರೆಸಿಕೊಂಡು ಹೇಳಿದ:

"ಮೀಟರ್ ಸರಿಯಾಗಿದೆ ನೋಡಿ ಸರ್. ಎಷ್ಟು ಎತ್ತರದಲ್ಲಿದೀನಿ ಅಂತ ಹುಡುಗಿಗೆ ಗೊತ್ತಿತ್ತು. ಪ್ಯಾರಾಶೂಟೇ ಕೈಕೊಟ್ಟಿದೆ. ಮಡಿಚಿದವನನ್ನ ಕೇಳಿ."

ಮಡಿಚಿದವನು ನಂದೀಶ್. ಸಂಜೆಯೊಳಗೆ ಅವನು ಲಾಕಪ್ಪಿನಲ್ಲಿದ್ದ.

* * *

ನಂದೀಶನ ಅಕ್ಕ ವಿಶಾಖಾ ಚಾಮರಾಜಪೇಟೆಯ ಪತ್ರಿಕೆಯೊಂದರಲ್ಲಿ ಕ್ರೈಂ ವರದಿಗಾರ್ತಿ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು. "ಸ್ವಂತ ತಮ್ಮನ ಕೇಸು, ನೀವು ಬರೆಯೋದು ಬೇಡ" ಎಂದು ಸಂಪಾದಕರು ಹೇಳಿದಾಗ, "ಬರೆಯಲ್ಲ ಸರ್, ಹುಡುಕ್ತೀನಿ" ಎಂದು ಬ್ಯಾಗು ಹೆಗಲಿಗೇರಿಸಿ ಎದ್ದು ಬಂದಿದ್ದಳು.

ಲಾಕಪ್ಪಿನ ಕಂಬಿ ಹಿಡಿದು ನಿಂತಿದ್ದ ತಮ್ಮನನ್ನು ಕಂಡಾಗ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

"ನಿಜ ಹೇಳು. ಮಡಿಚೋವಾಗ ಎಲ್ಲಾದ್ರೂ ಯಾಮಾರಿದ್ಯಾ?"

"ಇಲ್ಲಕ್ಕ. ಪ್ಯಾರಾಶೂಟ್ ಬಿಚ್ಕೊಂಡಿದೆ. ಪೂರ್ತಿ ಅರಳೋಕೆ ಎತ್ತರ ಸಾಲ್ಲಿಲ್ಲ ಅಷ್ಟೆ. ತೀರಾ ಕೆಳಗೆ ಬಂದ್ಮೇಲೆ ಹಿಡಿ ಎಳೆದಿದಾಳೆ."

"ಯಾಕೆ? ನೆಲ ಕಾಣಲ್ವಾ?"

"ಅವತ್ತು ಮಂಜು. ಆದ್ರೂ ಹಾರಿಸಿದ್ರು. ಮಂಜಲ್ಲಿ ಮೀಟರ್ ಮುಳ್ಳನ್ನೇ ನಂಬ್ಕೋಬೇಕು." ನಂದೀಶ್ ದನಿ ತಗ್ಗಿಸಿದ. "ಅವಳ ಮೀಟರ್ ಮುಳ್ಳು ಆಗಾಗ ಅಂಟ್ಕೊಳ್ತಿತ್ತಕ್ಕ. ಕ್ಲಬ್ಬಿನ ಬಾಡಿಗೆ ಪೀಸು. ಎಸೀರಿ ಅಂತ ಶಶಿ ಸರ್‌ಗೆ ಹತ್ತು ಸಲ ಹೇಳಿದೀನಿ. ತಟ್ಟಿದ್ರೆ ಸರಿಹೋಗುತ್ತೆ ಬಿಡು ಅಂದ್ರು."

"ಅವಳ ಕೈಲಿದ್ದದ್ದು ಚೆನ್ನಾಗೇ ಇದೆಯಂತಲ್ಲೋ!"

"ಅದೇ ಅರ್ಥ ಆಗ್ತಿಲ್ಲ. ನನ್ನನ್ನ ಅವಳ ಹತ್ತಿರಕ್ಕೂ ಬಿಡ್ಲಿಲ್ಲ."

ಇನ್ಸ್‌ಪೆಕ್ಟರ್ ದೊಡ್ಡಬೈರಪ್ಪ ಫ್ಯಾನಿನ ಕೆಳಗೆ ಕಾಫಿ ಕುಡಿಯುತ್ತಿದ್ದರು.

"ಆ ಮೀಟರ್ ಎಲ್ಲಿದೆ ಸರ್?"

"ಆ ವಾಚಾ? ಕಿವಿ ಓಲೆ ಜೊತೆ ಆಸ್ಪತ್ರೆಯವರು ಮನೆಯವರಿಗೆ ಕೊಟ್ಟಿದಾರಮ್ಮ."

ವಿಶಾಖಾಗೆ ತಲೆ ಕೆಟ್ಟುಹೋಯಿತು. ಸಾಕ್ಷಿಯನ್ನು ವಾಚು ಅಂದುಕೊಂಡು ಪೊಟ್ಟಣ ಕಟ್ಟಿ ಕೊಟ್ಟಿದ್ದಾರೆ! ತಮ್ಮನ ಕೈಗೆ ಕೋಳ ತೊಡಿಸುವುದಕ್ಕೆ ಮಾತ್ರ ಇವರಿಗೆ ಎಷ್ಟು ಅವಸರ.

"ನಾಳಿದ್ದು ಗಾಂಧಿ ಬಜಾರ್ ಆಫೀಸಲ್ಲಿ ಮಹಜರು ಇದೆ," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ತಮ್ಮನ್ನೂ ಕರ್ಕೊಂಡು ಬರ್ತೀವಿ. ಏನಿದ್ರೂ ಅಲ್ಲಿ ಹೇಳಿ."

* * *

ರಕ್ಷಿತಾಳ ಮನೆ ಬಸವನಗುಡಿಯಲ್ಲಿ, ಕಹಳೆ ಬಂಡೆಯ ಹಿಂದಿನ ಬೀದಿ. ಬಾಗಿಲು ತೆರೆದ ಅಪ್ಪ ಮಾಯಣ್ಣ, ಬಂದವಳು ಯಾರೆಂದು ತಿಳಿದದ್ದೇ ಕೆಂಡವಾದರು.

"ನಿನ್ನ ತಮ್ಮ ನನ್ನ ಮಗಳನ್ನ ಕೊಂದ. ನೀನು ಸಮಾಧಾನ ಹೇಳೋಕೆ ಬಂದ್ಯಾ?"

"ಬೈಯಿರಿ ಸರ್. ಬೈದಾದ್ಮೇಲೆ ಆ ಮೀಟರ್ ಒಂದ್ಸಲ ತೋರಿಸಿ. ನನ್ನ ತಮ್ಮಂದೇ ತಪ್ಪು ಅಂತ ಗೊತ್ತಾದ್ರೆ ನಾನೇ ಬಂದು ನಿಮ್ಮ ಮುಂದೆ ಒಪ್ಕೊತೀನಿ."

"ಒಳಗೆ ಬರ್ಲಿ ಬಿಡಿ," ಒಳಗಿನಿಂದ ತಾಯಿ ಮುನಿಯಮ್ಮನ ದನಿ.

ಕನಕಾಂಬರದ ಹಾರ ಹಾಕಿದ ಫೋಟೋದ ಮುಂದೆ ಮೀಟರ್ ಇತ್ತು. ಮುಳ್ಳು ಸರಿಯಾಗಿ ಸೊನ್ನೆಯ ಮೇಲೆ. ವಿಶಾಖಾ ಅದನ್ನು ಹಿಡಿದು ಮೂರನೇ ಮಹಡಿಯ ತಾರಸಿಗೆ ಹತ್ತಿದಳು. ಮುಳ್ಳು ಕೂದಲೆಳೆಯಷ್ಟು ಜರುಗಿತು. ಕೆಳಗಿಳಿದಳು. ಮತ್ತೆ ಸೊನ್ನೆ. ಅಂಟಿಕೊಳ್ಳುವ ಮಾತೇ ಇಲ್ಲ. ಹಾಗಾದರೆ ನಂದೀಶನೇ ತಪ್ಪು ಮಾಡಿ ಸುಳ್ಳು ಹೇಳುತ್ತಿದ್ದಾನೆಯೇ?

ಮಾಯಣ್ಣ ಮೂಲೆಯಲ್ಲಿ ಕೂತು ಮೊಬೈಲ್ ಕಿವಿಗೆ ಹಿಡಿದಿದ್ದರು. ಮಗಳ ದನಿ ಹೊರಗೂ ಕೇಳಿಸುತ್ತಿತ್ತು. "ಅಪ್ಪಾ, ನೆಲ ಮುಟ್ಟಿ ನಮಸ್ಕಾರ ಮಾಡ್ದೆ, ಮೀಟರ್ ಸೊನ್ನೆ ಮಾಡ್ಕೊಂಡೆ. ಹಾರ್ತೀನಿ!"

"ಅವತ್ತಿಂದೇ ಇದು," ಎಂದರು ಮಾಯಣ್ಣ. "ಪ್ರತಿ ಸಲ ವಿಮಾನ ಹತ್ತೋ ಮುಂಚೆ ಕಳಿಸೋಳು."

"ಸೊನ್ನೆ ಮಾಡೋದು ಅಂದ್ರೆ?"

"ಆ ಬಯಲಲ್ಲೇ ನಿಂತು ಅಂಚಿನ ತಿರುಪಿಂದ ಮುಳ್ಳನ್ನ ಸೊನ್ನೆಗೆ ತಿರುಗಿಸ್ಬೇಕಂತೆ. ಆಗ್ಲೇ ಆ ನೆಲದಿಂದ ಎಷ್ಟು ಮೇಲಿದೀವಿ ಅಂತ ತೋರ್ಸೋದು."

"ನಾನು ಕಟ್ಟಿದ ಕೆಂಪು ದಾರ ಮಾತ್ರ ಆಸ್ಪತ್ರೇಲಿ ಕಿತ್ತಾಕಿದಾರೆ," ಎಂದು ಮುನಿಯಮ್ಮ ಕಣ್ಣೊರೆಸಿಕೊಂಡರು. "ಮನೆಗೆ ತಂದಾಗ ಮೀಟರ್ ಪಟ್ಟಿಗೇ ಗಂಟು ಹಾಕಿದ್ದೆ. ಇದೇನೋ ವಾಚಿನ ಥರ ಮಣಿಕಟ್ಟಿಗೆ ಕಟ್ಟೋದು. ಅವಳು ಅಂಗೈ ಹಿಂದುಗಡೆ ಕಟ್ಕೊಳ್ಳೋಳು, ಹೆಬ್ಬೆರಳಿಗೆ ಕುಣಿಕೆ ಹಾಕಿ. ಕೈ ಚಾಚ್ಕೊಂಡು ಬೀಳೋವಾಗ ಥಟ್ಟಂತ ಕಾಣುತ್ತೆ ಅಂತ ಅಂಥದ್ದನ್ನೇ ಆರಿಸ್ಕೊಂಡಿದ್ಲು."

ವಿಶಾಖಾ ಮತ್ತೊಮ್ಮೆ ಮುಳ್ಳನ್ನು ನೋಡಿದಳು. ಸೊನ್ನೆ. ಅಯ್ಯೋ ನನ್ನ ದಡ್ಡ ತಲೆಯೇ, ಎಂದುಕೊಂಡಳು.

"ನಾಳಿದ್ದು ಇದನ್ನ ತಗೊಂಡು ಗಾಂಧಿ ಬಜಾರಿಗೆ ಬನ್ನಿ ಸರ್. ಯಾರೂ ಆ ತಿರುಪು ಮುಟ್ಬೇಡಿ. ದಯವಿಟ್ಟು ಬನ್ನಿ."

* * *

ಮಹಜರಿಗೆ ಶಶಿಕಿರಣ್ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮುಖದಲ್ಲಿ ಏನು ದುಃಖ, ಏನು ವಿನಯ! ನಂದೀಶ್ ಕೋಳದ ಕೈಯಲ್ಲಿ ಗೋಡೆಗೆ ಒರಗಿದ್ದ. ಮಾಯಣ್ಣ ಅವನ ಕಡೆ ತಿರುಗಿಯೂ ನೋಡಲಿಲ್ಲ.

"ಶಶಿಕಿರಣ್ ಅವರೇ, ಹೊಸ ಮೀಟರ್ ಒಂದು ತೋರಿಸ್ತೀರಾ?" ಎಂದಳು ವಿಶಾಖಾ.

ಅವನು ಡಬ್ಬಿ ಒಡೆದು ಒಂದನ್ನು ತೆಗೆದ. ಮಾತಾಡುತ್ತಲೇ ಬೆರಳು ತಿರುಪನ್ನು ತಿರುಗಿಸಿತು. ಮುಳ್ಳು ಸೊನ್ನೆಗೆ ಬಂತು.

"ಅದೇನು ಮಾಡಿದ್ರಿ?"

"ಸೊನ್ನೆ ಮಾಡಿದೆ ಮೇಡಂ. ಕೊಳ್ಳೋಕೆ ಬಂದೋರಿಗೆಲ್ಲ ಮೊದಲು ಇದನ್ನೇ ತೋರಿಸ್ತೀನಿ."

"ಸರ್, ಈಗ ರಕ್ಷಿತಾ ಕೈಲಿದ್ದದ್ದನ್ನ ಇದರ ಪಕ್ಕ ಇಡಿ."

ಮಾಯಣ್ಣ ಇಟ್ಟರು. ಎರಡೂ ಒಂದೇ ಥರದ್ದು. ಎರಡೂ ಸೊನ್ನೆ.

"ಸೊನ್ನೆ ಇದ್ರೆ ಸರಿಯಾಗೇ ಇದೆ ಅಂತಲ್ವೇನಮ್ಮ?" ಎಂದರು ದೊಡ್ಡಬೈರಪ್ಪ.

"ಇಲ್ಲಿ ಸೊನ್ನೆ ಇರ್ಲೇಬಾರ್ದು ಸರ್! ಇವರು ಹಾರಿಸೋ ಬಯಲು ಬಸವನಗುಡಿಗಿಂತ ಸಾವಿರ ಅಡಿ ಹತ್ತಿರ ತಗ್ಗು. ರಕ್ಷಿತಾ ಅಲ್ಲಿ ನಿಂತು ಸೊನ್ನೆ ಮಾಡಿದ್ದು ನಿಜ ಆದ್ರೆ, ಇಲ್ಲಿ ಈ ಮುಳ್ಳು ಸಾವಿರದ ಹತ್ತಿರ ತೋರಿಸ್ಬೇಕಿತ್ತು. ಇದನ್ನ ಸೊನ್ನೆ ಮಾಡಿದ್ದು ಅವಳಲ್ಲ. ಆ ಬಯಲಲ್ಲೂ ಅಲ್ಲ. ಈ ಮೇಜಿನ ಮೇಲೆ."

ದೊಡ್ಡಬೈರಪ್ಪ ಶಶಿಕಿರಣ್ ಕಡೆ ತಿರುಗಿದರು.

"ಅವಳು ಸೊನ್ನೆ ಮಾಡೋದು ಮರೆತಿರ್ತಾಳೆ," ಎಂದ ಶಶಿಕಿರಣ್.

ಮಾಯಣ್ಣ ಮೊಬೈಲ್ ಒತ್ತಿದರು. ಮಗಳು ಆ ಕೋಣೆಯಲ್ಲಿ ಮಾತಾಡಿದಳು. ಇನ್ಸ್‌ಪೆಕ್ಟರ್ ಟೋಪಿ ತೆಗೆದರು.

"ಮರೆತಿದ್ರೂ ಇದು ಸಾವಿರ ಅಡಿ ಕಮ್ಮಿ ತೋರಿಸೋದು," ವಿಶಾಖಾ ಬಿಡಲಿಲ್ಲ. "ನೆಲ ಹತ್ತಿರ ಬಂತು ಅಂತ ಹುಡುಗಿ ಬೇಗ ಎಳೀತಿದ್ಲು. ತಡವಾಗಿ ಅಲ್ಲ. ಇದು ಆಕಾಶಾನೇ ನೋಡಿಲ್ಲ. ಅವಳು ಬಿದ್ಮೇಲೆ ಮೊದಲು ಹೋದೋರು ನೀವು. ಮುಳ್ಳು ಅಂಟ್ಕೊಳ್ಳುತ್ತೆ, ಎಸೀರಿ ಅಂತ ನನ್ನ ತಮ್ಮ ಹತ್ತು ಸಲ ಹೇಳಿದ್ದ ಕೊಳಕು ಮೀಟರ್ ಬಿಚ್ಕೊಂಡ್ರಿ, ಇಲ್ಲಿ ಸೊನ್ನೆ ಮಾಡಿಟ್ಟಿದ್ದ ಹೊಸದು ಕಟ್ಟಿದ್ರಿ. ಗಾಬರೀಲಿ ಅಲ್ಲಿ ಮತ್ತೆ ಸೊನ್ನೆ ಮಾಡೋದು ಮರೆತದ್ದು ನೀವು. ಅಂಗೈ ಹಿಂದೆ ಕಟ್ತಿದ್ದೋಳಿಗೆ ಮಣಿಕಟ್ಟಿಗೆ ಕಟ್ಟಿದ್ದೂ ನೀವೇ. ಸತ್ತ ಹುಡುಗಿಯ ಕೈ ಹಿಡಿದು! ಆಮೇಲೆ ನನ್ನ ತಮ್ಮನ ಕಡೆ ಬೆರಳು ತೋರಿಸಿದ್ರಿ. ಮನುಷ್ಯರೇನ್ರೀ ನೀವು?"

"ಹಳೇದು ಎಲ್ಲಿದೆ? ತೋರಿಸಿ ನೋಡೋಣ!" ಎಂದ ಶಶಿಕಿರಣ್.

ಗೋಡೆಯ ಕಡೆಯಿಂದ ನಂದೀಶ್ ಮೊದಲ ಸಲ ಬಾಯಿಬಿಟ್ಟ. "ಬಾಡಿಗೆ ಮೀಟರ್‌ಗಳ ಡಬ್ಬ ನೋಡಿ ಸರ್. ಇವರು ಯಾವುದನ್ನೂ ಎಸೆಯೋರಲ್ಲ."

ಕಾನ್‌ಸ್ಟೇಬಲ್ ಡಬ್ಬವನ್ನು ಮೇಜಿನ ಮೇಲೆ ಸುರಿದ. ಹೆಬ್ಬೆರಳ ಕುಣಿಕೆಯ ಒಂದು ಮೀಟರ್. ಒಡೆದ ಗಾಜಿಗೆ ಬದಲು ಹೊಸ ಗಾಜು. ಪಟ್ಟಿಯಿಂದ ದಾರ ಕತ್ತರಿಸಿದ್ದರೂ ಹೊಲಿಗೆಯ ಸಂದಿಯಲ್ಲಿ ಕೆಂಪು ಗಂಟು ಉಳಿದಿತ್ತು. ಮೇಲೆ ಅಂಟಿಸಿದ ಚೀಟಿಯಲ್ಲಿ ಮುಂದಿನ ಬ್ಯಾಚಿನ ಹುಡುಗಿಯ ಹೆಸರು: ಬಿಂದು. ಮುಳ್ಳು ಆರು ಸಾವಿರ ಅಡಿಯಲ್ಲಿ ನಿಂತಿತ್ತು. ಇನ್ಸ್‌ಪೆಕ್ಟರ್ ಬೆರಳಿಂದ ತಟ್ಟಿದರು. ಅಲುಗಲಿಲ್ಲ. ಇನ್ನೊಮ್ಮೆ ತಟ್ಟಿದರು. ಮುಳ್ಳು ಜಾರಿ ಕೆಳಗೆ ಬಂತು.

"ತಟ್ಟಿದ್ರೆ ಸರಿಹೋಗುತ್ತೆ, ಅಲ್ವಾ?" ಎಂದಳು ವಿಶಾಖಾ.

ಶಶಿಕಿರಣ್ ಕುರ್ಚಿಯಲ್ಲಿ ಕುಸಿದ. ಮಾಯಣ್ಣ ಅವನ ಕೊರಳಪಟ್ಟಿ ಹಿಡಿದೆತ್ತಿದರು. ಪೊಲೀಸರು ಬಿಡಿಸಲು ಸ್ವಲ್ಪ ತಡಮಾಡಿದರು.

"ಲೋ, ಈ ದರಿದ್ರದ ಸಾಮಾನು ಎಸೆಯೋಕೆ ನಿಂಗೆ ಮನಸ್ಸು ಬರ್ಲಿಲ್ಲ. ನನ್ನ ಮಗಳನ್ನ ಎಸೆಯೋಕೆ ಬಂತಲ್ಲೋ!"

ಕೋಳ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಯಿತು. ವಿಶಾಖಾ ತಮ್ಮನ ತೋಳು ಹಿಡಿದು ಮೆಟ್ಟಿಲ ಕಡೆ ಹೊರಟಳು. ಗೆದ್ದ ಸಿಟ್ಟು ಇನ್ನೂ ಮೈಯಲ್ಲಿ ಕುದಿಯುತ್ತಿತ್ತು. ಬಾಗಿಲಲ್ಲಿ ಮಾಯಣ್ಣ ಅಡ್ಡ ನಿಂತಿದ್ದರು. ಕೈಯಲ್ಲಿ ಮೊಬೈಲ್.

"ಎಸೀರಿ ಅಂತ ಅವನಿಗೆ ಹತ್ತು ಸಲ ಹೇಳಿದ್ಯಂತೆ," ಎಂದರು ನಂದೀಶನಿಗೆ.

"ಹೂಂ ಸರ್."

"ಒಂದೇ ಒಂದು ಸಲ ನನ್ನ ಮಗಳಿಗೆ ಹೇಳ್ಬಾರ್ದಿತ್ತೇನಪ್ಪಾ?"

ನಂದೀಶ್ ತಲೆ ತಗ್ಗಿಸಿದ. ವಿಶಾಖಾ ತಮ್ಮನ ತೋಳು ಬಿಟ್ಟಳು.