ಪ್ರೊಪೆಲ್ಲರ್ ಕದ್ದು ನೆಲ ಗುಡಿಸಿಹೋದವನು

ನೋಡಿ, ಮೊದಲೇ ಹೇಳಿಬಿಡುತ್ತೇನೆ. ಸರಗಳ್ಳರನ್ನು ಹಿಡಿದ ಪೊಲೀಸರು ಬೇಕಾದಷ್ಟು ಮಂದಿ ಸಿಗುತ್ತಾರೆ. ಬೈಕ್ ಕಳ್ಳರನ್ನು ಹಿಡಿದವರು ಗಲ್ಲಿಗೊಬ್ಬರು. ವಿಮಾನದ ಕೇಸು ಭೇದಿಸಿದ ಕಾನ್‌ಸ್ಟೇಬಲ್‌ನನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಇರುವುದೇ ಒಬ್ಬ. ಠಾಣೆಯಲ್ಲಿ ಅವನನ್ನು ಎಲ್ಲರೂ 'ಡೈಲಾಗ್' ಎಂದು ಕರೆಯುತ್ತಾರೆ. ಈ ಕತೆ ಬರೆಯುತ್ತಿರುವವನೂ ಅವನೇ. ಆದರೆ ಹೀರೋ ಎಂಟ್ರಿಯನ್ನು 'ನಾನು ಬಂದೆ' ಎಂದು ಬರೆದರೆ ಯಾರೂ ಶಿಳ್ಳೆ ಹೊಡೆಯುವುದಿಲ್ಲ. ಹಾಗಾಗಿ 'ಅವನು' ಎಂದೇ ಬರೆಯುತ್ತೇನೆ. ಶಿಳ್ಳೆ ನಿಮ್ಮ ಜವಾಬ್ದಾರಿ.

ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಹಲ್ಲಿನ ಡಾಕ್ಟರೊಬ್ಬರು ಠಾಣೆಗೆ ಬಂದರು. ಕ್ಲಿನಿಕ್ಕಿನ ಮಾಸ್ಕ್ ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ದಾಖಲೆ ಬರೆಯುವ ಹೆಡ್ ಕಾನ್‌ಸ್ಟೇಬಲ್, ಅಂದರೆ ನಮ್ಮ ರೈಟರು, ಪೆನ್ನು ತೆರೆದರು.

"ಏನ್ ಕಳುವಾಗಿದೆ?"

"ಪ್ರೊಪೆಲ್ಲರ್."

"ಅಂದ್ರೆ?"

"ವಿಮಾನದ ಮೂತಿಯಲ್ಲಿ ತಿರುಗುತ್ತಲ್ಲ, ಫ್ಯಾನ್ ಥರ. ಅದು."

"ವಿಮಾನ ಎಲ್ಲಿದೆ?"

"ಅಲ್ಲೇ ಇದೆ."

"ಅದು ಕಳುವಾಗಿಲ್ವಾ?"

"ಇಲ್ಲ."

ರೈಟರಿಗೆ ಸ್ವಲ್ಪ ನಿರಾಸೆಯಾಯಿತು. ವಿಮಾನವೇ ಹೋಗಿದ್ದರೆ ಎಫ್‌ಐಆರ್‌ಗೊಂದು ತೂಕ ಇರುತ್ತಿತ್ತು. ಡೈಲಾಗ್ ಮಾತ್ರ ಕುರ್ಚಿಯಿಂದ ಎದ್ದು, ಟೋಪಿ ಸರಿಮಾಡಿಕೊಂಡು ಹೇಳಿದ: "ಡಾಕ್ಟ್ರೇ, ಕದ್ದವನು ನೆಲದ ಮೇಲಿದ್ರೂ ಬಿಡಲ್ಲ, ಆಕಾಶಕ್ಕೆ ಹಾರಿದ್ರೂ ಬಿಡಲ್ಲ."

"ಫ್ಯಾನೇ ಇಲ್ದೆ ಆಕಾಶಕ್ಕೆ ಹೆಂಗಪ್ಪಾ ಹಾರ್ತಾನೆ?" ಎಂದರು ಒಳಗಿನ ಕೋಣೆಯಿಂದ ಹೊರಬಂದ ಇನ್‌ಸ್ಪೆಕ್ಟರ್ ಮೇಡಂ. "ಜೀಪ್ ತೆಗಿ."

ಮೇಡಂ ಹೆಚ್ಚು ಮಾತಾಡುವವರಲ್ಲ. ದಾರಿಯುದ್ದಕ್ಕೂ ಡಾಕ್ಟರೇ ಮಾತಾಡಿದರು. ಅವರು ಹಾರಾಟದ ಲೈಸೆನ್ಸ್ ಪಡೆದು ಎರಡು ವರ್ಷವಾಗಿತ್ತು. ಬಾಡಿಗೆ ವಿಮಾನ ಹಾರಿಸಿ ಸಾಕಾಗಿ, ಕಳೆದ ವಾರ ಒಂದು ಹಳೆಯ ನಾಲ್ಕು ಸೀಟಿನ ವಿಮಾನ ಕೊಂಡಿದ್ದರು. ಬಿಳಿ ಮೈ, ಪಕ್ಕದಲ್ಲಿ ಉದ್ದಕ್ಕೂ ನೀಲಿ ಪಟ್ಟೆ. ಭಾನುವಾರ ಅವರ ಮಗಳ ಹುಟ್ಟುಹಬ್ಬ. ಅವಳ ಶಾಲೆಯನ್ನು ಆಕಾಶದಿಂದ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಗುರುವಾರ ಮಧ್ಯಾಹ್ನ ನೋಡಿದಾಗ ಪ್ರೊಪೆಲ್ಲರ್ ಇತ್ತಂತೆ, ಶುಕ್ರವಾರ ಬೆಳಿಗ್ಗೆ ಇರಲಿಲ್ಲ.

"ಕೊಳ್ಳೋ ಮುಂಚೆ ಯಾರ ಹತ್ರ ಚೆಕ್ ಮಾಡಿಸಿದ್ರಿ?" ಮೇಡಂ ಕೇಳಿದರು.

"ಅದನ್ನ ವರ್ಷಗಳಿಂದ ನೋಡ್ಕೊಳ್ತಿರೋ ಮೆಕ್ಯಾನಿಕ್ ಹತ್ರಾನೇ. ಮಾರಿದವರ ಅಳಿಯ ಅವರು."

"ಹೊರಗಿನವರು ಯಾರೂ ಸಿಗಲಿಲ್ವಾ?"

"ನಮ್ಮ ಕ್ಲಬ್ಬಿನ ಪೈಲಟ್ ಮೇಷ್ಟ್ರು ಹೇಳಿದ್ರು, ಹೊರಗಿನವರನ್ನೇ ಕರೆಸು ಅಂತ. ಆದ್ರೆ ಮಾರಿದ ಹಿರಿಯರು, 'ನನ್ನ ಅಳಿಯ ನೋಡಿದಾನೆ' ಅಂದಾಗ, ಬೇರೆಯವರನ್ನ ಕರೆಸ್ತೀನಿ ಅನ್ನೋಕೆ ನಾಲಿಗೆ ಬರಲಿಲ್ಲ."

ಹಿಂದಿನ ಸೀಟಿನಿಂದ ರೈಟರು ಗೊಣಗಿದರು. "ಹೋಟೆಲಿನವನನ್ನೇ ಊಟ ಹೆಂಗಿದೆ ಅಂತ ಕೇಳಿದ್ರಿ ಅನ್ನಿ."

ಏರ್‌ಫೀಲ್ಡ್ ಊರಾಚೆ ಇತ್ತು. ಒಂದು ರನ್‌ವೇ, ಗಾಳಿಯ ದಿಕ್ಕು ತೋರಿಸುವ ಒಂದು ಬಟ್ಟೆಚೀಲ, ತಗಡಿನ ಸಾಲು ಶೆಡ್ಡುಗಳು. ಡಾಕ್ಟರ ಶೆಡ್ಡಿಗೆ ನಂಬರ್ ಬೀಗ. ನಂಬರು ಏನೆಂದು ಕೇಳಿದರೆ, ರನ್‌ವೇ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರೇ. ಅದು ಆಕಾಶದಿಂದಲೂ ಕಾಣುತ್ತದೆ.

ಒಳಗೆ ವಿಮಾನ ನಿಂತಿತ್ತು, ಮುಂದಿನ ಹಲ್ಲು ಕಿತ್ತವರ ಹಾಗೆ. ಪೈಲಟ್ ಮೇಷ್ಟ್ರು ಮತ್ತು ಪೆಟ್ರೋಲ್ ತುಂಬುವವನು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ ನಿಂತರು. ರೈಟರು ಪಂಚನಾಮೆ ಬರೆಯತೊಡಗಿದರು. ಪ್ರೊಪೆಲ್ಲರ್ ಕೂರುವ ದಂಡದ ತುದಿಗೆ ಶುಭ್ರವಾದ ಪ್ಲಾಸ್ಟಿಕ್ ಸುತ್ತಿ, ದಾರ ಕಟ್ಟಲಾಗಿತ್ತು. ಬಿಚ್ಚಿದ ಬೋಲ್ಟುಗಳು ಎಣ್ಣೆ ಸವರಿಸಿಕೊಂಡು ಒಂದು ಬಟ್ಟೆಯಲ್ಲಿ ಸಾಲಾಗಿ ಮಲಗಿದ್ದವು. ಮೇಡಂ ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ಅಂಗೈ ಸವರಿದರು.

"ಈ ಬೋಲ್ಟು ಸಡಿಲ ಆಗದ ಹಾಗೆ ಏನಾದ್ರೂ ಕಟ್ಟಿರ್ತಾರಾ?"

"ಸಣ್ಣ ತಂತಿ ಬಿಗಿದಿರ್ತಾರೆ ಮೇಡಂ," ಎಂದರು ಮೇಷ್ಟ್ರು. "ಅದನ್ನ ಕತ್ತರಿಸಿಯೇ ಬಿಚ್ಚಬೇಕು."

"ಕತ್ತರಿಸಿದ ಚೂರು ಎಲ್ಲಿ?"

ಎಲ್ಲರೂ ನೆಲ ನೋಡಿದರು. ಒಂದು ಚೂರೂ ಇರಲಿಲ್ಲ. ಪೊರಕೆಯ ಗೆರೆಗಳು ಮಾತ್ರ ಸಾಲಾಗಿ ಕಾಣುತ್ತಿದ್ದವು.

"ಗುಡಿಸಿ ಹೋಗಿದ್ದಾನೆ ಮೇಡಂ!" ಎಂದ ಡೈಲಾಗ್. "ಸಾಕ್ಷಿ ಅಳಿಸೋಕೆ! ಪಕ್ಕಾ ಇಂಟರ್‌ನ್ಯಾಷನಲ್ ಗ್ಯಾಂಗು."

"ನಿಮ್ಮನೇಲಿ ಯಾವತ್ತಾದ್ರೂ ನೆಲ ಗುಡಿಸಿದ್ದೀಯಾ?"

"ಇಲ್ಲ ಮೇಡಂ. ಅಮ್ಮ ಗುಡಿಸ್ತಾರೆ."

"ಯಾಕೆ ಗುಡಿಸ್ತಾರೆ? ಸಾಕ್ಷಿ ಅಳಿಸೋಕಾ?"

ತಂತಿಯ ಚೂರು ವಿಮಾನದ ಟೈರಿಗೆ ಚುಚ್ಚುತ್ತದೆ, ಅದಕ್ಕೇ ವಿಮಾನದ ಶೆಡ್ಡಿನಲ್ಲಿ ಕೆಲಸ ಮಾಡುವವರು ಒಂದನ್ನೂ ಬಿಡದೆ ಹೆಕ್ಕುತ್ತಾರೆ ಎಂದು ಮೇಷ್ಟ್ರು ವಿವರಿಸಿದರು. ಮೇಡಂ ಎದ್ದು ಕೈ ಒರೆಸಿಕೊಂಡರು. "ಕದ್ದವನಿಗೆ ಈ ವಿಮಾನದ ಮೇಲೆ ದ್ವೇಷ ಇಲ್ಲ. ಅದು ಇಲ್ಲೇ ಇರಬೇಕು, ಹಾರಬಾರದು. ಅಷ್ಟೇ ಅವನಿಗೆ ಬೇಕಾಗಿರೋದು. ಯಾಕೆ ಅಂತ ತಿಳ್ಕೋಬೇಕು."

ಮಧ್ಯಾಹ್ನ ವಿಚಾರಣೆ. ಮೊದಲು ಡಾಕ್ಟರ ಹೆಂಡತಿ.

"ನಿಮಗೆ ಈ ವಿಮಾನ ಇಷ್ಟ ಇರಲಿಲ್ಲ ಅಂತೆ?"

"ಈಗಲೂ ಇಲ್ಲ."

"ಪ್ರೊಪೆಲ್ಲರ್ ನೀವು ತೆಗೆಸಿದ್ರಾ?"

"ಮೇಡಂ, ನಾನೇ ಕದಿಯೋದಾಗಿದ್ರೆ ಪೂರ್ತಿ ವಿಮಾನ ತಳ್ಕೊಂಡು ಹೋಗಿ ಗುಜರಿಗೆ ಹಾಕ್ತಿದ್ದೆ. ಅರ್ಧಂಬರ್ಧ ಕೆಲಸ ನಮ್ಮ ಯಜಮಾನ್ರದ್ದು, ನಂದಲ್ಲ."

ಆಮೇಲೆ ವಿಮಾನ ಮಾರಿದ ಹಿರಿಯರು. ಮರದ ಮಿಲ್ಲು ನಡೆಸಿ ಬಿಟ್ಟವರು. ಕಣ್ಣು ಮಂಜಾಗಿ ವೈದ್ಯಕೀಯ ಪರೀಕ್ಷೆಯಲ್ಲಿ ಫೇಲಾದ ಮೇಲೆ ವಿಮಾನ ಮಾರಿದ್ದರು. ಹಾಲ್‌ನಲ್ಲಿ ಅದರದೇ ದೊಡ್ಡ ಫೋಟೋ ತೂಗುತ್ತಿತ್ತು.

"ಮಾರಿದ್ದಕ್ಕೆ ಬೇಜಾರಾಗಿದೆಯಾ?"

"ಮಗಳನ್ನ ಕಳಿಸಿಕೊಟ್ಟಾಗ ಇಷ್ಟು ಅತ್ತಿರಲಿಲ್ಲ. ಆದ್ರೆ ಒಂದ್ ಮಾತು ಮೇಡಂ, ಅದರಲ್ಲಿ ಒಂದು ಐಬು ತೋರಿಸಿ ನೋಡೋಣ. ನನ್ನ ಅಳಿಯ ಮುಟ್ಟಿದ ಯಂತ್ರ ಅದು."

ಅಳಿಯ ಪಕ್ಕದಲ್ಲೇ ನಿಂತಿದ್ದ. ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಗ್ರೀಸು. ಅವನ ಕಣ್ಣು ಫೋಟೋದ ಕಡೆಗಿರಲಿಲ್ಲ, ಮಾವನ ಕಡೆಗೂ ಇರಲಿಲ್ಲ.

"ಗುರುವಾರ ಸಂಜೆ ಎಲ್ಲಿದ್ರಿ?"

"ಮನೇಲಿ."

"ಯಾರಾದ್ರೂ ನೋಡಿದಾರಾ?"

"ಮನೆಯವಳು ಊರಲ್ಲಿಲ್ಲ. ಮಗಳು ಟ್ಯೂಷನ್‌ಗೆ ಹೋಗಿದ್ಲು."

ಮೇಡಂ ಸುಮ್ಮನೆ ತಲೆಯಾಡಿಸಿದರು. ಹೊರಬಂದ ಕೂಡಲೇ ಡೈಲಾಗ್ ಕೇಳಿದ: "ಎತ್ತಾಕ್ಕೊಂಡು ಹೋಗೋಣ್ವಾ ಮೇಡಂ? ಎರಡು ಬಿಟ್ರೆ ಫ್ಲ್ಯಾಶ್‌ಬ್ಯಾಕ್ ತಾನಾಗೇ ಬರುತ್ತೆ."

"ಕಟ್," ಎಂದರು ಮೇಡಂ. "ಅವನು ಕದ್ದಿದ್ದಾನೆ ಅಂತ ನನಗೂ ಅನ್ನಿಸುತ್ತೆ. ಅನ್ನಿಸಿದ್ದನ್ನ ಕೋರ್ಟಿಗೆ ಕೊಡೋಕಾಗುತ್ತಾ?"

ಶನಿವಾರ ಕೇಸು ಬಿಗಿಯಾಯಿತು. ಡಾಕ್ಟರು ಫೋನ್ ಮಾಡಿ ಖುಷಿಯಿಂದ ಹೇಳಿದರು: ಫ್ಲೈಯಿಂಗ್ ಕ್ಲಬ್ಬಿನಲ್ಲಿ ಅದೇ ಅಳತೆಯ ಪ್ರೊಪೆಲ್ಲರ್ ಎರವಲು ಸಿಕ್ಕಿದೆ. ಕೂರಿಸಿಕೊಡಲು ಮೆಕ್ಯಾನಿಕ್‌ನನ್ನೇ ಕರೆದರೆ, ಕೈಗೆ ಪೆಟ್ಟಾಗಿದೆ ಎಂದನಂತೆ. ಬೇರೆ ಊರಿನವರು ಬಂದು ಕೂರಿಸಿಕೊಟ್ಟರು. ಎಂಜಿನ್ ಚೆನ್ನಾಗಿ ಓಡಿತು. ನಾಳೆ ಬೆಳಿಗ್ಗೆ ಮಗಳ ಜೊತೆ ಹಾರಾಟ.

"ಒಂದು ವಾರ ತಡೀರಿ ಡಾಕ್ಟ್ರೇ."

"ಯಾಕೆ ಮೇಡಂ? ಏನಾದ್ರೂ ತೊಂದರೆ ಸಿಕ್ಕಿದೆಯಾ?"

"ಇನ್ನೂ ಇಲ್ಲ."

"ಹಾಗಾದ್ರೆ ಹುಟ್ಟುಹಬ್ಬ ವಾರ ತಡಿಯಲ್ವಲ್ಲ."

ಮೇಡಂ ನೇರ ಮೆಕ್ಯಾನಿಕ್‌ನ ಗ್ಯಾರೇಜಿಗೆ ಹೋದರು. ಡೈಲಾಗ್ ಹಿಂದೆ. ಪೆಟ್ಟಾಗಿದೆ ಎಂದ ಕೈಯಲ್ಲೇ ಅವನು ಸ್ಪ್ಯಾನರ್ ಹಿಡಿದಿದ್ದ. ಪೊಲೀಸರನ್ನು ಕಂಡು ಕೆಳಗಿಟ್ಟ.

"ಡಾಕ್ಟ್ರಿಗೆ ಬೇರೆ ಪ್ರೊಪೆಲ್ಲರ್ ಸಿಕ್ತು. ನಾಳೆ ಎಂಟಕ್ಕೆ ಮಗಳ ಜೊತೆ ಹಾರ್ತಾರೆ."

ಮೆಕ್ಯಾನಿಕ್ ಗೋಡೆಯ ಗಡಿಯಾರ ನೋಡಿದ.

"ನಿಮಗೂ ಮಗಳಿದ್ದಾಳಲ್ವಾ? ಆ ವಿಮಾನದಲ್ಲಿ ಕೂರಿಸ್ತೀರಾ?"

ಅವನು ಕೆಳಗಿಟ್ಟ ಸ್ಪ್ಯಾನರನ್ನು ಮತ್ತೆ ಎತ್ತಿ ಬಟ್ಟೆಯಿಂದ ಒರೆಸತೊಡಗಿದ. ಮೇಡಂ ಹೊರಗೆ ಬಂದುಬಿಟ್ಟರು. ಜೀಪಿನಲ್ಲಿ ಡೈಲಾಗ್‌ಗೆ ಆದೇಶ ಕೊಟ್ಟರು: "ನಾಳೆ ಏಳಕ್ಕೆಲ್ಲ ಏರ್‌ಫೀಲ್ಡಲ್ಲಿರು. ನಾನು ವಿಮಾನ ಇಲಾಖೆಯ ತಜ್ಞರನ್ನ ಕರ್ಕೊಂಡು ಬರ್ತೀನಿ. ನಾನು ಬರೋ ತನಕ ಅದು ನೆಲ ಬಿಡಬಾರದು. ಏನ್ ಬೇಕಾದ್ರೂ ಮಾಡು."

"ಏನ್ ಬೇಕಾದ್ರೂನಾ ಮೇಡಂ?"

"ಡೈಲಾಗ್ ಒಂದನ್ನ ಬಿಟ್ಟು."

ಈಗ ಬರುತ್ತದೆ ನೋಡಿ, ಕ್ಲೈಮ್ಯಾಕ್ಸು.

ಭಾನುವಾರ, ಬೆಳಗಿನ ಬಿಸಿಲು. ವಿಮಾನ ಶೆಡ್ಡಿನಿಂದ ಹೊರಬಂದು ರನ್‌ವೇ ಕಡೆಗೆ ಉರುಳುತ್ತಿದೆ. ಒಳಗೆ ಡಾಕ್ಟರು, ಪಕ್ಕದಲ್ಲಿ ದೊಡ್ಡ ಹೆಡ್‌ಫೋನ್ ಹಾಕಿಕೊಂಡ ಮಗಳು. ಆಗ ಧೂಳೆಬ್ಬಿಸುತ್ತ ಒಂದು ಬೈಕು! ಡೈಲಾಗ್ ಓಡುವ ಬೈಕಿನಿಂದಲೇ ಹಾರಿ, ತಿರುಗುವ ಪ್ರೊಪೆಲ್ಲರಿನ ಎದುರು ಎರಡೂ ಕೈ ಅಗಲಿಸಿ ನಿಂತ. "ಈ ರನ್‌ವೇ ದಾಟಬೇಕಾದ್ರೆ ಈ ಖಾಕಿ ದಾಟಬೇಕು!" ಗಾಳಿಗೆ ಟೋಪಿ ಹಾರಿತು. ಅವನು ಅಲುಗಲಿಲ್ಲ. ಎಂಜಿನ್ ಕೆಮ್ಮಿ ನಿಂತಿತು. ಬೇಲಿಯ ಹಿಂದೆ ಅಡಗಿದ್ದ ಮೆಕ್ಯಾನಿಕ್ ಓಡಿಬಂದು, "ನಾನೇ ಸಾರ್, ನಾನೇ!" ಎಂದು ಅವನ ಮುಂದೆ ಮಂಡಿಯೂರಿದ.

ಎಂಟೂ ಹತ್ತಕ್ಕೆ ಮೇಡಂ ತಜ್ಞರೊಂದಿಗೆ ಬಂದರು. ಪಂಚರ ಎದುರು ಮೆಕ್ಯಾನಿಕ್ ಎಡ ರೆಕ್ಕೆಯ ಬುಡದ ಕೆಳಗಿನ ಸಣ್ಣ ಮುಚ್ಚಳ ಬಿಚ್ಚಿದ. ಟಾರ್ಚ್ ಬಿಟ್ಟು ನೋಡಿದರೆ, ರೆಕ್ಕೆಯನ್ನು ಹೊತ್ತಿರುವ ಮುಖ್ಯ ತೊಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಒಂದು ಗಟ್ಟಿ ಗಾಳಿಗೆ ರೆಕ್ಕೆ ಬೇರೆ, ವಿಮಾನ ಬೇರೆ ಆಗುತ್ತಿತ್ತು ಎಂದರು ತಜ್ಞರು. ಡಾಕ್ಟರು ಬೆರಳಿಟ್ಟು ಬಿರುಕನ್ನು ಮುಟ್ಟಿದರು. ಆಮೇಲೆ ಹುಲ್ಲಿನ ಮೇಲೆ ದೊಪ್ಪನೆ ಕೂತು, ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. "ಪಪ್ಪಾ, ಹಿಸುಕ್ಬೇಡ," ಎಂದಳು ಅವಳು. ಅವರು ಬಿಡಲಿಲ್ಲ.

ಮೆಕ್ಯಾನಿಕ್‌ನ ಮಗಳ ಮಂಚದ ಕೆಳಗಿನಿಂದ, ಕಂಬಳಿಯಲ್ಲಿ ಸುತ್ತಿದ್ದ ಪ್ರೊಪೆಲ್ಲರ್ ವಶಪಡಿಸಿಕೊಳ್ಳಲಾಯಿತು. ಒಂಬತ್ತೂವರೆಗೆ ಬಂಧನ. ಅವನ ಹೇಳಿಕೆ ಹೀಗಿತ್ತು:

"ಅಷ್ಟು ವರ್ಷ ನಾನೇ ನೋಡ್ಕೊಂಡ ಯಂತ್ರ. ನನಗೆ ಗೊತ್ತಿಲ್ದೇ ಇರೋದು ಏನಿದೆ ಅಂತ ಆ ಮುಚ್ಚಳ ತೆಗೀದೇನೇ ಸಹಿ ಹಾಕ್ಬಿಟ್ಟೆ. ಮಾರಾಟ ಆದ್ಮೇಲೆ ನಿದ್ದೆ ಬರಲಿಲ್ಲ. ಗುರುವಾರ ಹೋಗಿ ತೆಗೆದು ನೋಡ್ದೆ. ಹೇಳೋಣ ಅಂತ ಫೋನ್ ಕೈಗೆ ತಗೊಂಡೆ. ಲೈಸೆನ್ಸ್ ಹೋದ್ರೆ ಹೋಗ್ಲಿ. ಆದ್ರೆ ಮಾವ ಊರೆಲ್ಲ 'ನನ್ನ ಅಳಿಯ ನೋಡಿದಾನೆ' ಅಂತ ಹೇಳ್ಕೊಂಡು ಓಡಾಡ್ತಿದ್ರು. ಅವರ ಮಾತು ನನ್ನಿಂದ ಸುಳ್ಳಾಗುತ್ತೆ. ಬೇರೆ ಪ್ರೊಪೆಲ್ಲರ್ ಬರೋಕೆ ತಿಂಗಳುಗಟ್ಟಲೆ ಆಗುತ್ತೆ, ಅಷ್ಟರಲ್ಲಿ ಏನಾದ್ರೂ ದಾರಿ ಕಾಣುತ್ತೆ ಅನ್ಕೊಂಡೆ."

ಸಂಜೆ ಮಾವ ಠಾಣೆಗೆ ಬಂದರು. ಲಾಕಪ್ಪಿನ ಕಂಬಿ ಹಿಡಿದು ನಿಂತರು.

"ನನಗೆ ಹೇಳೋಕೆ ಅಷ್ಟು ಭಯಾನಾ?"

"ಭಯ ಅಲ್ಲ ಮಾವ. ನಾಚಿಕೆ."

"ಊಟ ಮಾಡಿದ್ಯಾ?"

ಮಾವ ವಿಮಾನ ವಾಪಸು ತಗೊಂಡರು. ಡಾಕ್ಟರು ಕೋರ್ಟಿನಲ್ಲಿ, ಈ ಕಳ್ಳನ ಮೇಲೆ ನನಗೆ ದೂರಿಲ್ಲ ಎಂದು ಬರೆದುಕೊಟ್ಟರು. ಮೆಕ್ಯಾನಿಕ್‌ಗೆ ಜಾಮೀನು ಸಿಕ್ಕಿತು. ಲೈಸೆನ್ಸ್ ಮಾತ್ರ ಒಂದು ವರ್ಷ ಅಮಾನತು.

ಇಲ್ಲಿಗೆ ಮುಗಿಸಿ ಚಪ್ಪಾಳೆ ತಗೊಂಡು ಹೊರಡಬೇಕು ಎಂದುಕೊಂಡಿದ್ದೆ. ಆದರೆ ಮೊನ್ನೆ ಹಲ್ಲು ನೋವೆಂದು ಡಾಕ್ಟರ ಕ್ಲಿನಿಕ್ಕಿಗೆ ಹೋಗಿದ್ದೆ. ಕಾಯುವ ಬೆಂಚಿನ ಮೇಲೆ ಪಕ್ಕದವರಿಗೆ ರನ್‌ವೇ ಸೀನು ಹೇಳುತ್ತಿದ್ದೆ, ಕೈ ಅಗಲಿಸಿ, ಹಿನ್ನೆಲೆ ಸಂಗೀತ ಸಮೇತ. ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದ ಡಾಕ್ಟರ ಮಗಳು ತಲೆಯೆತ್ತಿದಳು.

"ಅಂಕಲ್, ನೀವು ಬಂದಿದ್ದು ಆಮೇಲೆ ಅಲ್ವಾ?"

ಬೆಂಚೆಲ್ಲ ನನ್ನ ಕಡೆ ತಿರುಗಿತು. ಬಾಯಿ ಊದಿಕೊಂಡಿದೆ, ಮಾತಾಡಲಾರೆ ಎಂದು ಸನ್ನೆ ಮಾಡಿದೆ. ಕ್ಷಣದ ಹಿಂದೆ ಡೈಲಾಗ್ ಹೊಡೆಯುತ್ತಿದ್ದವನನ್ನು ಯಾರು ನಂಬುತ್ತಾರೆ?

ಸರಿ, ಹೇಳಿಬಿಡುತ್ತೇನೆ. ಆ ದಿನ ಏಳಕ್ಕೆ ನಾನು ಕನ್ನಡಿಯ ಮುಂದೆ ಇದ್ದೆ. ಖಾಕಿ ದಾಟಬೇಕು ಅನ್ನುವುದೋ, ಖಾಕಿಯ ಹೆಣ ದಾಟಬೇಕು ಅನ್ನುವುದೋ ತೀರ್ಮಾನವಾಗಿರಲಿಲ್ಲ. ಏರ್‌ಫೀಲ್ಡ್ ಗೇಟಿಗೆ ಬಂದಾಗ ಎಂಜಿನ್ ಸದ್ದು ಕೇಳಿತು. ಬೈಕ್ ಅಲ್ಲೇ ಬಿಸಾಕಿ ಓಡಿದೆ. ವಿಮಾನ ದೂರದಲ್ಲಿತ್ತು. ನಾನು ಎಷ್ಟು ಓಡಿದರೂ ಮುಟ್ಟುವ ಹಾಗಿರಲಿಲ್ಲ. ಕೂಗಿದೆ, ನನ್ನ ಕೂಗು ನನಗೇ ಕೇಳಲಿಲ್ಲ. ಆಗ ಸದ್ದು ನಿಂತಿತು. ಅಷ್ಟು ಒಳ್ಳೆಯ ಮೌನವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಏದುಸಿರು ಬಿಡುತ್ತ ಹತ್ತಿರ ಹೋದಾಗ ರನ್‌ವೇ ಮೇಲೆ, ವಿಮಾನದ ಮೂತಿಯೆದುರು, ಮೆಕ್ಯಾನಿಕ್ ನಿಂತಿದ್ದ. ಬರಿಗಾಲು, ಮನೆಯ ಬನಿಯನ್ನು. ಅವನನ್ನು ಯಾರೂ ಹಿಡಿದಿರಲಿಲ್ಲ, ಯಾರೂ ಕರೆದಿರಲಿಲ್ಲ. ನಾನು ಅವನ ಹತ್ತಿರ ಹೋಗಿ ಹೇಳಿದ ಒಂದೇ ಮಾತು, "ನೀರು ಬೇಕಾ?" ಅದೂ ನನ್ನ ಹತ್ತಿರ ಇರಲಿಲ್ಲ.

ಮಿಕ್ಕಿದ್ದನ್ನು ಆ ಹುಡುಗಿಯೇ ಬೆಂಚಿನವರಿಗೆ ಹೇಳಿದಳು. ಅವಳು ಒಳಗಿಂದ, ಗಾಜಿನಾಚೆ, ಎಲ್ಲರಿಗಿಂತ ಹತ್ತಿರದಿಂದ ನೋಡಿದ್ದಳು.

"ಆ ಮೆಕ್ಯಾನಿಕ್ ಅಂಕಲ್ ಕೈ ಅಗಲಿಸಿರಲಿಲ್ಲ. ಕಣ್ಣು ಮುಚ್ಕೊಂಡಿದ್ರು. ಕಾಲು ಗಡಗಡ ಅಂತಿತ್ತು. ಆದ್ರೂ ಪಕ್ಕಕ್ಕೆ ಸರೀಲಿಲ್ಲ."

ನಡೆದದ್ದು ಅಷ್ಟೇ.