ಬೇಡಿಕೆ ಕೊಟ್ಟವರು ಎದ್ದು ನಿಲ್ಲಬೇಕು

ಪಾಸ್ಟರ್ ಜೀವನಕುಮಾರ ಮೊದಲ ಸಲ ಸೈಬರ್ ಕೆಫೆಯ ಬಾಗಿಲಿಗೆ ಬಂದಾಗ ಸುಗಂಧಾ ಹೆದರಿ ಎದ್ದು ನಿಂತಿದ್ದಳು. ಅಮ್ಮನೇ ದೂರು ಹೇಳಿ ಕಳಿಸಿರಬೇಕು ಎಂದು ಅವಳ ಗುಮಾನಿ. ಹಿಂದಿನ ಭಾನುವಾರ ತಲೆನೋವಿನ ನೆಪ ಹೇಳಿ ಚರ್ಚಿಗೆ ಚಕ್ಕರ್ ಹೊಡೆದಿದ್ದಳು.

"ಈ ವಾರ ಬರ್ತೀನ್ರಿ ಪಾಸ್ಟರ್. ಖರೇನ ಬರ್ತೀನಿ," ಎಂದಳು, ಅವನು ಬಾಯಿ ತೆರೆಯುವ ಮೊದಲೇ.

"ಬರ್ರಿ," ಎಂದ ಅವನು ಗಲಿಬಿಲಿಯಿಂದ. "ನಾ ಬಂದಿದ್ದು ಆರ್ಕುಟ್ ಕಲಿಯಾಕ."

ಅದು 2007, ಹುಡುಗರೆಲ್ಲ ಇಂಟರ್ನೆಟ್ಟಿನ ಆರ್ಕುಟ್ ತಾಣದಲ್ಲಿ ಗೆಳೆಯರನ್ನು ಹುಡುಕುತ್ತಿದ್ದ ಕಾಲ. ಬಸವಕಲ್ಯಾಣದ ಬಸ್ ಸ್ಟ್ಯಾಂಡ್ ಎದುರು ಮಚ್ಚೇಂದ್ರಣ್ಣನ ಕೆಫೆ. ಅಲ್ಲಿ ಸುಗಂಧಾಳದೇ ಕಾರುಬಾರು. ಜೀವನಕುಮಾರ ಹುಮನಾಬಾದಿನ ಚರ್ಚಿಗೆ ಹೊಸದಾಗಿ ಬಂದ ಪಾಸ್ಟರ್. ಇನ್ನೂ ಮದುವೆಯಾಗಿರಲಿಲ್ಲ. ಬಸವಕಲ್ಯಾಣದ ಕೆಲವು ಮನೆಗಳೂ ಅವನ ಸಭೆಗೇ ಸೇರಿದ್ದರಿಂದ ಶನಿವಾರಕ್ಕೊಮ್ಮೆ ಬಸ್ ಹತ್ತಿ ಬರುತ್ತಿದ್ದ. ಸಭೆಯ ಹುಡುಗರೆಲ್ಲ ಕೆಲಸಕ್ಕೆಂದು ಪುಣೆ, ಹೈದರಾಬಾದ್ ಸೇರಿದ್ದರು. ಅವರು ಎಲ್ಲಿ ಸಿಗುತ್ತಾರೆ ಎಂದರೆ ತಂಗಿ ತಮ್ಮಂದಿರು "ಆರ್ಕುಟ್‌ನಾಗ ಇರ್ತಾರ್ರಿ" ಎಂದು ಯಾವುದೋ ಬಡಾವಣೆಯ ಹೆಸರಿನಂತೆ ಹೇಳುತ್ತಿದ್ದರಂತೆ.

ಅವನು ಹಾಕಿದ ಫೋಟೋ ನೋಡಿ ಸುಗಂಧಾ ತುಟಿ ಕಚ್ಚಿ ನಗು ತಡೆದಳು.

"ಹಾಲ್ ಟಿಕೆಟ್ ಫೋಟೋ ಇದ್ದಂಗ ಅದ್ರಿ. ಜರಾ ನಗರಿ."

"ಪಾಸ್ಟರ್ ನಗಬಹುದೇನು?"

"ನಕ್ಕರ ಚಂದ ಕಾಣತೀರಿ," ಎಂದುಬಿಟ್ಟು ಅವಳು ಕೀಬೋರ್ಡಿನ ಧೂಳು ಒರೆಸತೊಡಗಿದಳು. ಅವನ ಕಿವಿ ಕೆಂಪಾದದ್ದು ಓರೆಗಣ್ಣಿಗೆ ಕಂಡಿತು.

ಮೊದಲು ಅವನು ಎಲ್ಲರಿಗೂ ಉದ್ದುದ್ದ ಬೈಬಲ್ ವಚನ ಕಳಿಸಿದ. ಒಬ್ಬನೂ ಉತ್ತರಿಸಲಿಲ್ಲ.

"ಮೊದಲ ಊಟ ಆತೇನಂತ ಕೇಳ್ರಿ," ಎಂದಳು ಸುಗಂಧಾ. "ವಚನ ಆಮ್ಯಾಲ."

ಅವನು ಹಾಗೇ ಕೇಳಿದ. ಅರ್ಧ ಗಂಟೆಯಲ್ಲೇ ಪುಣೆಯಿಂದ, ಹುಮನಾಬಾದ್ ಬಳಿಯ ಹುಡಗಿ ಎಂಬ ಹಳ್ಳಿಯ ಸಂಗಪ್ಪನ ಉತ್ತರ ಬಂತು. ಜ್ವರ ಬಂದು ಮಲಗಿದ್ದೇನೆ, ಯಾರೂ ಕೇಳಿರಲಿಲ್ಲ, ನನಗಾಗಿ ಪ್ರಾರ್ಥನೆ ಮಾಡಿ ಎಂದಿದ್ದ.

ಅವರ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಪಾಸ್ಟರ್ ಪ್ರಾರ್ಥನೆಯ ಬೇಡಿಕೆ ಓದಿದ ಕೂಡಲೇ ಅದನ್ನು ಕೊಟ್ಟವರು ಎದ್ದು ನಿಲ್ಲಬೇಕು. ಪಕ್ಕದಲ್ಲಿ ಕೂತವರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕು. ಆ ಭಾನುವಾರ ಸಂಗಪ್ಪನ ಬೇಡಿಕೆಗೆ ಅವನ ತಾಯಿ ಎದ್ದು ನಿಂತು ಅತ್ತಳು. ಅಂದಿನಿಂದ, ಅವನು ಆರ್ಕುಟ್‌ನಲ್ಲಿ ಸಭೆಯವರಿಗಾಗಿ ಮಾಡಿದ ಗುಂಪಿಗೆ ಬಂದ ಬೇಡಿಕೆಗಳನ್ನೆಲ್ಲ ಶನಿವಾರ ಸುಗಂಧಾ ಪ್ರಿಂಟ್ ತೆಗೆದುಕೊಡುವುದು, ಭಾನುವಾರ ಅವನು ಓದುವುದು ರೂಢಿಯಾಯಿತು.

ಒಂದು ಶನಿವಾರ ಕರೆಂಟ್ ಹೋಯಿತು. ಕಪ್ಪಾದ ಪರದೆಯಲ್ಲಿ ಇಬ್ಬರ ಮುಖವೂ ಕಂಡವು. ಅವನು ಪರದೆಯೊಳಗಿನ ಅವಳನ್ನೇ ನೋಡುತ್ತಿದ್ದ. ಅವಳೂ ನೋಡಿದಳು. ಕರೆಂಟ್ ಬೇಗ ಬಂದುಬಿಟ್ಟಿತು, ಹಾಳಾದದ್ದು.

ಅಂದಿನಿಂದ ಅವಳಿಗೆ ಭಯ ಶುರುವಾಯಿತು. ಹಿಂದಿನ ಪಾಸ್ಟರ್ ಹಾಡಿನ ತಂಡದ ಹುಡುಗಿಯೊಬ್ಬಳನ್ನು ಬೈಕಿನಲ್ಲಿ ಮನೆಗೆ ಬಿಟ್ಟದ್ದಕ್ಕೇ ಹಿರಿಯರು ಬಿಷಪ್ಪರಿಗೆ ದೂರು ಕೊಟ್ಟು ಆ ಪಾಸ್ಟರನ್ನು ದೂರದ ಊರಿಗೆ ಹಾಕಿಸಿದ್ದರು. ಆ ಹುಡುಗಿಯನ್ನು ನೋಡಲು ಇಂದಿಗೂ ಒಂದು ಗಂಡು ಬಂದಿಲ್ಲ. ಕೆಫೆಯ ಬಾಗಿಲಲ್ಲಿ ಯಾರದೇ ನೆರಳು ಬಿದ್ದರೂ ಸುಗಂಧಾ ಬೆಚ್ಚಿ ತಿರುಗಿ ನೋಡುತ್ತಿದ್ದಳು.

ಒಂದು ಶುಕ್ರವಾರ ಬೆಳಿಗ್ಗೆ ಅವಳ ತಾಯಿ ಕಸ್ತೂರಿಬಾಯಿ ರೊಟ್ಟಿ ಬಡಿಯುತ್ತಾ ಹೇಳಿದಳು: "ನಮ್ಮ ಪಾಸ್ಟರಿಗಿ ಶೇವಂತಾಬಾಯಿ ಬೀದರಿನ ಹುಡುಗಿ ನೋಡ್ಯಾಳಂತ. ಭಾನುವಾರ ಆರಾಧನಿ ಮುಗದ ಮ್ಯಾಲ ಮಾತು ಪಕ್ಕಾ ಮಾಡ್ತಾರ."

ಶೇವಂತಾಬಾಯಿ ಸಭೆಯ ಹಿರಿಯಳು. ಅವಳು ಹಿಡಿದ ಸಂಬಂಧ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಸುಗಂಧಾ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದಳು. ಕೆಫೆಗೆ ಬಂದವಳೇ ಗುಲಾಬಿ ಚಿತ್ರ ಹಾಕಿ ಶಾರೋನ್ ಎಂಬ ಸುಳ್ಳು ಹೆಸರಿನ ಪ್ರೊಫೈಲ್ ಮಾಡಿದಳು. ಗುಂಪಿನಲ್ಲಿ ಬರೆದಳು: ಪಾಸ್ಟರಿಗೆ ಬಂದಿರುವ ಬೀದರಿನ ಸಂಬಂಧ ಆಗದಿರಲಿ ಎಂದು ಪ್ರಾರ್ಥಿಸಿ. ಮನಸ್ಸು ಹಗುರಾಯಿತು. ಸಂಜೆ ಹೊತ್ತಿಗೆ ಹೆದರಿಕೆಯಾಗಿ ಬರೆದದ್ದನ್ನೂ ಪ್ರೊಫೈಲನ್ನೂ ಅಳಿಸಿಹಾಕಿದಳು. ಪೀಡೆ ತೊಲಗಿತು ಎಂದುಕೊಂಡಳು.

ಶನಿವಾರ ಅವನು ಬರಲಿಲ್ಲ. ಕೆಫೆಗೆ ಫೋನ್ ಬಂತು.

"ಈ ವಾರ ಬರೂದು ಆಗೂದಿಲ್ರಿ. ಪ್ರಿಂಟ್ ನಿನ್ನೆನ ಇಲ್ಲಿ ಹುಮನಾಬಾದಿನಾಗ ತಗೊಂಡೀನಿ."

ಸುಗಂಧಾ ರಿಸೀವರ್ ಗಟ್ಟಿಯಾಗಿ ಹಿಡಿದಳು. "ನಿನ್ನೆ ಎಷ್ಟೊತ್ತಿಗ್ರಿ?"

"ಮಧ್ಯಾಹ್ನ. ಯಾಕ್ರಿ?"

"ಏನಿಲ್ರಿ," ಎಂದಳು. ಫೋನಿಟ್ಟ ಮೇಲೆ ಅವಳಿಗೆ ಅಳು ಬಂತು.

ಭಾನುವಾರ ಹುಮನಾಬಾದಿನ ಚರ್ಚಿನಲ್ಲಿ ಹೆಂಗಸರ ಜಮಖಾನದ ಮೇಲೆ ಅವಳು ಮುದುಡಿ ಕೂತಿದ್ದಳು. ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ, ಬೇಡಬೇಡವೆಂದರೂ, ಶೇವಂತಾಬಾಯಿ. ಹಾಡು ಮುಗಿಯಿತು. ಜೀವನಕುಮಾರ ಬೈಬಲಿನೊಳಗಿನಿಂದ ಕಾಗದ ತೆಗೆದ. ಒಬ್ಬನ ನೌಕರಿ, ಒಬ್ಬಳ ಹೆರಿಗೆ, ಯಾರದೋ ಕಿಡ್ನಿ ಕಲ್ಲು. ಒಂದೊಂದು ಬೇಡಿಕೆ ಮುಗಿದಾಗಲೂ ಇನ್ನು ಸಾಕು ಎಂದು ಅವಳು ಒಳಗೊಳಗೇ ಬೇಡಿಕೊಂಡಳು.

ಅವನು ಓದು ನಿಲ್ಲಿಸಿದ. ನೀರು ಕುಡಿದ. ಆಮೇಲೆ ಓದಿದ.

"ಪಾಸ್ಟರಿಗೆ ಬಂದಿರುವ ಬೀದರಿನ ಸಂಬಂಧ ಆಗದಿರಲಿ ಎಂದು ಪ್ರಾರ್ಥಿಸಿ."

ಗಂಡಸರ ಕಡೆ ಯಾರೋ ಕೆಮ್ಮಿದರು. ಶೇವಂತಾಬಾಯಿಯ ಬಳೆ ಸದ್ದಾಯಿತು.

"ಇದನ್ನ ಓದದ ಬಿಡಬಹುದಿತ್ತು," ಎಂದ ಜೀವನಕುಮಾರ. "ನಿಮ್ಮದೆಲ್ಲ ಓದಿ, ನನಗ ಸಂಬಂಧಪಟ್ಟದ್ದು ಒಂದು ಮುಚ್ಚಿಟ್ಟರ ಅದು ನ್ಯಾಯ ಅಲ್ಲ. ಮತ್ತ ಈ ಬೇಡಿಕೆ ನಂದೂ ಹೌದು. ಹೇಳಾಕ ಧೈರ್ಯ ಇರಲಿಲ್ಲ."

"ಕೊಟ್ಟವರು ಏಳಬೇಕಲ್ಲ ಪಾಸ್ಟರ್," ಶೇವಂತಾಬಾಯಿಯ ದನಿ ಗಟ್ಟಿಯಾಗಿತ್ತು. "ನಮ್ಮ ಪದ್ಧತಿ ಅದ."

"ಹೌದ್ರಿ ಅವ್ವಾ. ಇಲ್ಲಿದ್ದರ ಏಳಲಿ. ಇಲ್ಲಂದ್ರ ನಾ ನಿಂತೇ ಇದ್ದೀನಲ್ಲ."

ಅವನು ಹೆಂಗಸರ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಕೈಯಲ್ಲಿದ್ದ ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. ಸುಗಂಧಾ ಆ ಕಾಗದವನ್ನೇ ನೋಡಿದಳು. ಶಾರೋನ್ ಈಗ ಎಲ್ಲೂ ಇಲ್ಲ. ಸುಮ್ಮನೆ ಕೂತರೆ ಯಾರಿಗೂ ತಿಳಿಯುವುದಿಲ್ಲ. ಅವನನ್ನು ಮಾತ್ರ ಬೇರೆ ಊರಿಗೆ ಕಳಿಸುತ್ತಾರೆ, ಮತ್ತೆ ಎಂದೂ ನೋಡಲು ಸಿಗುವುದಿಲ್ಲ. ಆ ಭಯ ಉಳಿದೆಲ್ಲ ಭಯಕ್ಕಿಂತ ದೊಡ್ಡದಾಗಿತ್ತು.

ಅವಳು ಎದ್ದು ನಿಂತಳು.

"ಕೂಡು," ಎಂದು ಅಮ್ಮ ಸೆರಗು ಜಗ್ಗಿದಳು. ಸುಗಂಧಾ ಕೂರಲಿಲ್ಲ. ಯಾರೂ ಅವಳ ತಲೆಯ ಮೇಲೆ ಕೈಯಿಡಲಿಲ್ಲ. ಇಡೀ ಸಭೆ ಶೇವಂತಾಬಾಯಿಯ ಮುಖ ನೋಡುತ್ತಿತ್ತು.

ಶೇವಂತಾಬಾಯಿ ಮೊಣಕಾಲು ಹಿಡಿದು ನಿಧಾನವಾಗಿ ಎದ್ದಳು. ಸುಗಂಧಾ ಕಣ್ಣು ಮುಚ್ಚಿದಳು, ಕಪಾಳಕ್ಕೆ ಬೀಳುತ್ತದೆ ಎಂದೇ. ಒರಟಾದ ಅಂಗೈ ತಲೆಯ ಮೇಲೆ ಕೂತಿತು.

"ತಂದೀ," ಎಂದು ಮುದುಕಿ ಶುರುಮಾಡಿದಳು, "ಇವರ ಬೇಡಿಕಿ ನೀ ಕೇಳಿಸಿಕೊಂಡಿ. ಈಗ ಬೀದರಿನವರಿಗಿ ನಾ ಏನಂತ ಹೇಳಲಿ, ಆ ಮಾತೂ ನೀನ ಕೊಡು. ಆಮೆನ್."

ಯಾರೋ ನಕ್ಕರು. ಆಮೇಲೆ ಎಲ್ಲರೂ ಆಮೆನ್ ಎಂದರು. ಅಮ್ಮ ಮಾತ್ರ ಅಳುತ್ತಿದ್ದಳು, ಸೆರಗು ಇನ್ನೂ ಬಿಟ್ಟಿರಲಿಲ್ಲ.

ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ, ಎಲ್ಲರ ಕಣ್ಣೆದುರೇ, ಅವನು ಹತ್ತಿರ ಬಂದ. ಅಂಗಿಯ ತೋಳು ಸರಿಮಾಡಿಕೊಂಡು ಕೇಳಿದ, "ಊಟ ಆತೇನ್ರಿ?"

ಸುಗಂಧಾಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

"ಅದು ನಾನ ಬರೆದಿದ್ದಂತ ನಿಮಗ ಗೊತ್ತಿತ್ತೇನ್ರಿ?"

"ಇಲ್ರಿ," ಎಂದ ಜೀವನಕುಮಾರ. "ನೀವ ಇರ್ಲಿ ಅಂದುಕೊಂಡಿದ್ದೆ. ಬ್ಯಾರೆ ಯಾರರೆ ಎದ್ದಿದ್ದರ ಏನ್ ಮಾಡೂದಂತ ಎರಡು ದಿನದಿಂದ ಹೆದರಿ ಸಾಯಾಕತ್ತಿದ್ದೆ."